ಹೆಸರಳಿದ ಯುದ್ಧ

1984ರ ಡಿಸೆಂಬರಿನಲ್ಲಿ ಜಪಾನಿನ ಓಸಾಕಾ ನಗರದ ಕ್ಯಾಪ್ಕಾಮ್ ಎಂಬ ಹೊಸ ಸಂಸ್ಥೆಯು, ನಾಣ್ಯ ಹಾಕಿ ಆಡುವ ಯಂತ್ರಗಳಿಗಾಗಿ ‘1942’ ಎಂಬ ಹೆಸರಿನ ಆಟವೊಂದನ್ನು ಹೊರತಂದಿತು. ಅದರಲ್ಲಿ ಆಟಗಾರನು ಅಮೆರಿಕದ ಪಿ-38 ಲೈಟ್ನಿಂಗ್ ಎಂಬ ಜೋಡಿ ಬಾಲದ ಯುದ್ಧವಿಮಾನದ ಸಾರಥಿಯಾಗಿ, ಪೆಸಿಫಿಕ್ ಮಹಾಸಾಗರದ ಮೇಲೆ ಹಾರುತ್ತ, ಅಲೆಯಲೆಯಾಗಿ ಎದುರಾಗುವ ಜಪಾನೀ ವಿಮಾನಗಳನ್ನು ಹೊಡೆದುರುಳಿಸುತ್ತ, ಮಿಡ್‌ವೇ, ಮಾರ್ಷಲ್, ರಬೌಲ್, ಸೈಪಾನ್, ಇವೋಜಿಮಾ, ಓಕಿನಾವಾಗಳನ್ನು ದಾಟಿ ಟೋಕಿಯೋದತ್ತ ಸಾಗತಕ್ಕದ್ದು. ಸೋತ ರಾಷ್ಟ್ರದ ಯುವಕರು, ತಮ್ಮ ಹಿಂದಿನ ತಲೆಮಾರು ಯಾವ ಯುದ್ಧದಲ್ಲಿ ಮಡಿಯಿತೋ ಆ ಯುದ್ಧವನ್ನೇ ಗೆದ್ದವರ ವಿಮಾನದಲ್ಲಿ ಕುಳಿತು ಆಡುವ ವಿನೋದವನ್ನಾಗಿ ಮಾರ್ಪಡಿಸಿ, ಪಾಶ್ಚಾತ್ಯರ ಮಾರುಕಟ್ಟೆಯನ್ನು ಕಣ್ಣ ಮುಂದಿರಿಸಿಕೊಂಡು ಮಾರಿದರೆಂಬುದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು. ಆ ವಿಚಿತ್ರವು ಅಲ್ಲಿಗೇ ಮುಗಿಯಲಿಲ್ಲ. ಒಂದು ದಶಕದ ತರುವಾಯ ಅದೇ ಆಟವು, ತನ್ನನ್ನು ಮಾಡಿದವರ ಹೆಸರನ್ನು ದಾರಿಯಲ್ಲಿ ಕಳೆದುಕೊಂಡು, ಬೀದರ ನಗರಕ್ಕೆ ಸೇರಿದ ಮೈಲೂರಿನ ಮನೆಗಳ ಟಿವಿ ಪೆಟ್ಟಿಗೆಗಳಲ್ಲಿ ಕಾಣಿಸಿಕೊಂಡಿತು. ಭಾಲ್ಕಿಯಲ್ಲಿಯೂ ಔರಾದಿನಲ್ಲಿಯೂ ಕಾಣಿಸಿಕೊಂಡಿತು.

1942 ಎಂದೊಡನೆ ಕನ್ನಡ ಓದುಗರ ಮನಸ್ಸು ‘ಚಲೇಜಾವ್’ ಚಳವಳಿಯತ್ತ, ಈಸೂರಿನತ್ತ ಓಡುವುದು ಸಹಜ. ಬೀದರದ ಸೀಮೆಗೆ ಆ ವರ್ಷದ ಅರ್ಥವೇ ಬೇರೆ. ಆಗ ಈ ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆ. ಸಂಸ್ಥಾನದ ಪ್ರಭುವಾದರೋ ಬ್ರಿಟಿಷ್ ಸಾಮ್ರಾಜ್ಯದ ಪರಮ ಮಿತ್ರ. ಮೊದಲನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿಯೇ, ಅಂದರೆ 1918ರಲ್ಲಿ, ಬ್ರಿಟಿಷ್ ವಾಯುಪಡೆಯ 110ನೆಯ ದಳಕ್ಕೆ ನಿಜಾಮರು ಡಿಎಚ್-9ಎ ಜಾತಿಯ ವಿಮಾನಗಳನ್ನು ಕಾಣಿಕೆಯಾಗಿ ಇತ್ತಿದ್ದರು. ಒಂದೊಂದು ವಿಮಾನದ ಮೈಮೇಲೂ ಆ ದಾನದ ಲೇಖವಿತ್ತು. ಜರ್ಮನರ ಕೈಗೆ ಸಿಕ್ಕಿ, ದೇಶಾಂತರಗಳನ್ನು ಸುತ್ತಿ ಉಳಿದುಕೊಂಡ ಅವುಗಳಲ್ಲೊಂದು ಲಂಡನ್ನಿನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಎರಡನೆಯ ಮಹಾಯುದ್ಧ ಬಂದಾಗ 152ನೆಯ ದಳವು ‘ಹೈದರಾಬಾದ್’ ಎಂಬ ಹೆಸರನ್ನು ಹೊತ್ತು ಸ್ಪಿಟ್‌ಫೈರ್ ವಿಮಾನಗಳಲ್ಲಿ ಹೋರಾಡಿತು. ನಿಜಾಮರ ಶಿರೋವೇಷ್ಟನವೇ ಅದರ ಲಾಂಛನ, ‘ನಿಷ್ಠಾವಂತ ಮಿತ್ರ’ನೆಂಬುದೇ ಅದರ ಧ್ಯೇಯವಾಕ್ಯ. 1943ರ ಕೊನೆಯಲ್ಲಿ ಆ ದಳವು ಪೂರ್ವಕ್ಕೆ ಬಂದು ಬರ್ಮಾದ ಗಡಿಯಲ್ಲಿ ಜಪಾನೀ ವಿಮಾನಗಳನ್ನು ಎದುರಿಸಿತು. 110ನೆಯ ದಳವು ಅದಕ್ಕೂ ಮೊದಲೇ, 1942ರಲ್ಲಿ, ಭಾರತಕ್ಕೆ ಬಂದಿತ್ತು.

ಸಂಸ್ಥಾನದ ಬೊಕ್ಕಸವನ್ನು ತುಂಬಿದ್ದು ಬೀದರದಂತಹ ಜಿಲ್ಲೆಗಳ ಭೂಕಂದಾಯವೆಂಬುದನ್ನು ನೆನೆದರೆ, ಮಾಂಜರಾ ನದಿಯ ಬಯಲಿನಲ್ಲಿ ಜೋಳ, ತೊಗರಿ ಬೆಳೆದ ರೈತನಿಗೂ ಬರ್ಮಾದ ಆಕಾಶಕ್ಕೂ ಒಂದು ಸಂಬಂಧವಿದ್ದಿತೆಂದು ಒಪ್ಪಬೇಕಾಗುತ್ತದೆ. ಆ ರೈತನ ಮರಿಮಕ್ಕಳು ಐವತ್ತು ವರ್ಷಗಳ ಅನಂತರ ಅವೇ ಜಪಾನೀ ವಿಮಾನಗಳನ್ನು ಗಾಜಿನ ಪರದೆಯ ಮೇಲೆ ಮತ್ತೆ ಹೊಡೆದುರುಳಿಸಿದರು. ಹೊಡೆದವರು ಯಾರು, ಬಿದ್ದವರು ಯಾರು, ಯುದ್ಧವಾದರೂ ಯಾವುದು ಎಂಬುದೊಂದನ್ನೂ ಅರಿಯದೆ. ಇದು ಹೇಗಾಯಿತೆಂಬುದನ್ನು ವಿವರಿಸುವುದಕ್ಕೆ ಸ್ವಲ್ಪ ಹಿಂದಿನಿಂದ ಆರಂಭಿಸಬೇಕು.

ವಿಮಾನಗಳನ್ನು ಹೊಡೆಯುವ ಆಟವನ್ನು ಮಾಡಬೇಕೆಂಬ ಆಸೆ ಜಪಾನಿನಲ್ಲಿ ‘1942’ಕ್ಕಿಂತ ಹಳೆಯದು. ಟೈಟೋ ಕಂಪನಿಯ ತೊಮೊಹಿರೊ ನಿಶಿಕಾದೊ ಅವರು 1978ರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಆಟವನ್ನು ರಚಿಸಹೊರಟಾಗ ಶತ್ರುಗಳನ್ನಾಗಿ ವಿಮಾನಗಳನ್ನೇ ಚಿತ್ರಿಸಬೇಕೆಂದು ಯೋಚಿಸಿದ್ದರು. ಆದರೆ ಅಂದಿನ ಯಂತ್ರಕ್ಕೆ ವಿಮಾನದ ಸುಗಮವಾದ ಗತಿಯನ್ನು ತೋರಿಸುವ ಶಕ್ತಿಯಿರಲಿಲ್ಲ. ಮನುಷ್ಯರನ್ನು ನಡೆಸುವುದು ಸುಲಭವಾಗಿತ್ತು. ಮನುಷ್ಯರ ಮೇಲೆ ಗುಂಡು ಹಾರಿಸುವುದು ಯುಕ್ತವಲ್ಲವೆಂದು ಅದನ್ನು ಕೈಬಿಡಲಾಯಿತು. ಹಾಗಾಗಿ ಅನ್ಯಲೋಕದ ಜಂತುಗಳು ಬಂದವು, ಐದು ಸಾಲುಗಳಲ್ಲಿ ಸಾಲಿಗೆ ಹನ್ನೊಂದರಂತೆ ಐವತ್ತೈದು. ಆಟಗಾರನು ಅವುಗಳನ್ನು ಒಂದೊಂದಾಗಿ ಹೊಡೆದಂತೆಲ್ಲ ಉಳಿದವು ಹೆಚ್ಚು ಹೆಚ್ಚು ವೇಗವಾಗಿ ಇಳಿಯತೊಡಗುತ್ತವೆ. ಎದೆ ಬಡಿತವನ್ನು ಏರಿಸುವ ಈ ತಂತ್ರವನ್ನು ಮೊದಲು ಯಾರೂ ಯೋಜಿಸಿರಲಿಲ್ಲ. ಚಿತ್ರಿಸಬೇಕಾದ ಜಂತುಗಳ ಸಂಖ್ಯೆ ಕಡಿಮೆಯಾದಂತೆ ಇಂಟೆಲ್ 8080 ಎಂಬ ಆ ಬಡ ಸಂಸ್ಕಾರಕದ ಹೊರೆ ತಗ್ಗಿ, ಅದು ತಾನಾಗಿಯೇ ಚುರುಕಾಗುತ್ತಿತ್ತು. ಯಂತ್ರದ ದಾರಿದ್ರ್ಯವೇ ಆಟದ ಸೊಗಸಾಗಿ ಪರಿಣಮಿಸಿದ ಈ ಪ್ರಸಂಗವನ್ನು ನಾನು ಈ ಕಲೆಯ ಚರಿತ್ರೆಯಲ್ಲಿ ಬಹಳ ದೊಡ್ಡದೆಂದು ಎಣಿಸುತ್ತೇನೆ.

ನಿಶಿಕಾದೊ ಅವರಿಗೆ ಕೈಗೂಡದ ವಿಮಾನಗಳು ಯೋಶಿಕಿ ಒಕಾಮೊತೊ ಅವರಿಗೆ ಕೈಗೂಡಿದವು. ಒಕಾಮೊತೊ ಅವರು ಮೊದಲು ಕೊನಾಮಿ ಸಂಸ್ಥೆಯಲ್ಲಿದ್ದರು. ಅಲ್ಲಿ ಮೇಲಧಿಕಾರಿಗಳು ಮೋಟಾರು ಓಡಿಸುವ ಆಟವನ್ನು ಮಾಡೆಂದು ಹೇಳಿದರೆ, ಅವರು ತಮ್ಮ ಇಷ್ಟದಂತೆ 1982ರಲ್ಲಿ ‘ಟೈಮ್ ಪೈಲಟ್’ ಎಂಬ ವಿಮಾನದ ಆಟವನ್ನು ಮಾಡಿಬಿಟ್ಟರು. 1910ರ ಎರಡು ರೆಕ್ಕೆಯ ವಿಮಾನಗಳಿಂದ ಆರಂಭಿಸಿ ಕಾಲಕಾಲದ ವಿಮಾನಗಳ ನಡುವೆ ಹಾರಿಹೋಗುವ ಆಟವದು. ಅಧಿಕಾರಿಗಳ ಮಾತನ್ನು ಮೀರಿದ ಸೇವಕನೊಬ್ಬನ ಈ ಹಟವು ಸಂಸ್ಥೆಗೆ ಲಾಭವನ್ನೇ ತಂದಿತು. ಅನಂತರ ಅವರು ಕ್ಯಾಪ್ಕಾಮಿಗೆ ಬಂದು ‘1942’ನ್ನು ರೂಪಿಸಿದರು. ಮುಂದೆ ‘ಸ್ಟ್ರೀಟ್ ಫೈಟರ್ 2’ರ ಹಿಂದೆಯೂ ಅವರೇ ಇದ್ದರೆಂದು ಹೇಳಿದರೆ, ಆ ಕಾಲದಲ್ಲಿ ಬಾಲ್ಯವನ್ನು ಕಳೆದವರಿಗೆ ಹೆಚ್ಚಿನ ಪರಿಚಯ ಬೇಕಾಗಲಾರದು.

ಆಟದ ಸ್ವರೂಪ ಸರಳ. ವಿಮಾನವು ಪರದೆಯ ಕೆಳಭಾಗದಲ್ಲಿರುತ್ತದೆ; ಸಮುದ್ರವೂ ದ್ವೀಪಗಳೂ ಮೇಲಿನಿಂದ ಕೆಳಕ್ಕೆ ಸರಿಯುತ್ತಿರುತ್ತವೆ; ಘಟ್ಟಗಳು ಒಟ್ಟು 32, ಅವುಗಳ ಎಣಿಕೆಯು 32ರಿಂದ ಇಳಿಮುಖವಾಗಿ ಸಾಗುತ್ತದೆ. ಘಟ್ಟವು ಮುಗಿದಾಗ ವಿಮಾನವು ಹಡಗಿನ ಮೇಲೆ ಇಳಿಯುತ್ತದೆ, ಎದುರಾದ ಶತ್ರುಗಳಲ್ಲಿ ನೂರಕ್ಕೆ ಎಷ್ಟು ಪಾಲನ್ನು ಹೊಡೆದೆವೆಂಬ ಲೆಕ್ಕವು ತೆರೆಯ ಮೇಲೆ ಬರುತ್ತದೆ. ಇವೆಲ್ಲಕ್ಕಿಂತ ಸುಂದರವಾದ ಕಲ್ಪನೆ ಇನ್ನೊಂದುಂಟು: ಗುಂಡುಗಳು ಸುತ್ತುವರಿದು ಬೇರೆ ದಾರಿಯೇ ಇಲ್ಲವೆಂದಾದಾಗ ಎರಡನೆಯ ಗುಂಡಿಯನ್ನು ಒತ್ತಿದರೆ, ವಿಮಾನವು ನಮ್ಮ ಕಣ್ಣಿನ ಕಡೆಗೆ ಎದ್ದುಬಂದು, ಅಂಗಾತವಾಗಿ, ಒಂದು ಲಾಗ ಹೊಡೆದು ಮತ್ತೆ ಸ್ವಸ್ಥಾನಕ್ಕೆ ಇಳಿಯುತ್ತದೆ, ಆ ಕ್ಷಣದಲ್ಲಿ ಯಾವ ಗುಂಡೂ ಅದಕ್ಕೆ ತಾಗದು. ಈ ಲಾಗಗಳು ಮೂರೇ. ಆದುದರಿಂದ ಅವನ್ನು ಲೋಭಿಯು ಹಣ ಕೂಡಿಡುವಂತೆ ಕೂಡಿಟ್ಟುಕೊಳ್ಳಬೇಕು. ನಡುನಡುವೆ ಕೆಂಪು ವಿಮಾನಗಳ ಸಾಲೊಂದು ಬಳುಕುತ್ತ ಬರುತ್ತದೆ. ಒಂದನ್ನೂ ಬಿಡದೆ ಇಡೀ ಸಾಲನ್ನು ಕೆಡವಿದವನಿಗೆ ಹೆಚ್ಚಿನ ತೋಪುಗಳೋ, ಎರಡು ಮಗ್ಗುಲಿಗೂ ಬೆಂಗಾವಲಿನ ಪುಟ್ಟ ವಿಮಾನಗಳೋ ದೊರೆಯುತ್ತವೆ.

ನಾಣ್ಯದ ಯಂತ್ರವು ಮನೆಗೆ ಬಂದುದು ಫ್ಯಾಮಿಕಾಮಿನ ಮೂಲಕ. ಕ್ಯೋಟೋ ನಗರದ ನಿಂಟೆಂಡೋ ಸಂಸ್ಥೆಗಾಗಿ ಮಸಾಯುಕಿ ಉಎಮುರಾ ಅವರ ನೇತೃತ್ವದಲ್ಲಿ ಸಿದ್ಧವಾಗಿ 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಮಾರಾಟಕ್ಕೆ ಬಂದ ಈ ಪೆಟ್ಟಿಗೆಯು ಅಗ್ಗವಾಗಿರಲೇಬೇಕೆಂಬ ಸಂಕಲ್ಪದಿಂದ ಹುಟ್ಟಿದುದು. ಅದರ ಕೆಲಸದ ಸ್ಮೃತಿ ಕೇವಲ 2 ಕಿಲೋಬೈಟ್. ಪರದೆಯ ಒಂದೇ ಅಡ್ಡಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ಅದು ತೋರಿಸಲಾರದು; ಒಂದು ವಿಮಾನದ ಅಗಲಕ್ಕೆ ಅಂತಹ ಎರಡು ತುಣುಕುಗಳು ಬೇಕಾದರೆ, ನಾಲ್ಕು ವಿಮಾನಗಳು ಸಮರೇಖೆಗೆ ಬಂದೊಡನೆ ಅದರ ಬಂಡವಾಳ ಮುಗಿಯಿತು. ಐದನೆಯದು ಬಂದರೆ ಅದು ಕಾಣಿಸುವುದೇ ಇಲ್ಲ. ಈ ಸಂಕಟವನ್ನು ಕಳೆಯಲು ಕ್ರಮವಿಧಿಯನ್ನು ಬರೆಯುವವರು ಸರದಿಯ ಮೇಲೆ ಈಗ ಇದನ್ನು, ಮರುಕ್ಷಣ ಅದನ್ನು ತೋರಿಸುತ್ತ ಹೋಗುತ್ತಾರೆ. ಆದುದರಿಂದಲೇ ಆ ಆಟಗಳಲ್ಲಿ ವಿಮಾನಗಳೂ ಗುಂಡುಗಳೂ ಮಿನುಗುವುದು. 1985ರ ಡಿಸೆಂಬರಿನಲ್ಲಿ ಬಂದ ಫ್ಯಾಮಿಕಾಮಿನ ‘1942’ನ್ನು ಸಿದ್ಧಪಡಿಸಿದ್ದು ಮೈಕ್ರಾನಿಕ್ಸ್ ಎಂಬ ಗುತ್ತಿಗೆಯ ಕಂಪನಿ, ಆ ಕೆಲಸವು ಅಷ್ಟೇನೂ ಅಚ್ಚುಕಟ್ಟಾದುದಲ್ಲ. ಚಿತ್ರವು ತಡವರಿಸುತ್ತದೆ, ಮಿನುಗು ವಿಪರೀತ, ಸಂಗೀತವೆಂಬುದು ಒಂದೇ ಸಮನೆ ಕೇಳಿಬರುವ ಕೀಚು ಧ್ವನಿ. ವಿಮರ್ಶಕರು ಇದನ್ನು ಹಳಿಯುತ್ತಲೇ ಬಂದಿದ್ದಾರೆ; ಅವರ ಮಾತು ಸರಿಯೇ. ಆದರೂ ಲೋಕದ ಅರ್ಧ ಭಾಗವು ಈ ಆಟವನ್ನು ಅರಿತುದು ಈ ಕುಂದಿನ ರೂಪದಲ್ಲಿಯೇ ಹೊರತು ಮೂಲದ ಚಂದದಲ್ಲಲ್ಲ.

ಅದಕ್ಕೆ ಕಾರಣವು ತೈವಾನಿನಲ್ಲಿದೆ. 1980ರ ದಶಕದ ಕೊನೆಯ ಹೊತ್ತಿಗೆ ಅಲ್ಲಿಯ ಯುಎಂಸಿ ಮೊದಲಾದ ಕಾರ್ಖಾನೆಗಳು ಫ್ಯಾಮಿಕಾಮಿನ ಎರಡು ಮುಖ್ಯ ಚಿಪ್ಪುಗಳನ್ನು ಹೋಲುವ ಚಿಪ್ಪುಗಳನ್ನು ತಯಾರಿಸತೊಡಗಿದವು. ಅವುಗಳಿಂದ ಕಟ್ಟಿದ ಪೆಟ್ಟಿಗೆಗಳು ರಷ್ಯದಲ್ಲಿ ‘ಡೆಂಡಿ’ ಎಂದೂ, ನಮ್ಮ ದೇಶದಲ್ಲಿ ‘ಲಿಟಲ್ ಮಾಸ್ಟರ್’, ‘ಮೀಡಿಯಾ’ ಎಂದೂ ಮಾರಾಟವಾದವು. ಇವುಗಳೊಡನೆ ಬಂದ ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟಗಳು. ಯಾವ ಆಟವನ್ನು ಅದರೊಳಗೆ ಸೇರಿಸಬೇಕೆಂಬುದನ್ನು ತೀರ್ಮಾನಿಸಿದ್ದು ಆಟದ ಗುಣವಲ್ಲ, ಆಟದ ಗಾತ್ರ. ಫ್ಯಾಮಿಕಾಮಿನ ಮೊದಲ ವರ್ಷಗಳ ಆಟಗಳಿಗೆ ಕ್ಯಾಸೆಟ್ಟಿನೊಳಗೆ ಬೇರೆ ಸಹಾಯಕ ಚಿಪ್ಪು ಬೇಕಿರಲಿಲ್ಲ. ‘1942’ರ ಒಟ್ಟು ಗಾತ್ರ 40 ಕಿಲೋಬೈಟ್. ‘ಗ್ಯಾಲಕ್ಸಿಯನ್’, ‘ಗ್ಯಾಲಗಾ’, ‘ಬ್ಯಾಟಲ್ ಸಿಟಿ’ಗಳೂ ಅಂತಹವೇ. ಇಂತಹ ಚಿಕ್ಕ ಆಟಗಳನ್ನು ಒಂದೇ ಹಲಗೆಯ ಮೇಲೆ ಸಾಲಾಗಿ ಕೂಡಿಸುವುದು ಸುಲಭ, ಅಗ್ಗ. ಆದುದರಿಂದ 1990ರ ದಶಕದ ಬೀದರದ ಬಾಲಕನು 1984-85ರ ಜಪಾನಿನ ಆಟಗಳನ್ನು ಆಡಿದನು. ನಡುವಣ ಹತ್ತು ವರ್ಷಗಳಲ್ಲಿ ಆ ಕಲೆಯು ಎಷ್ಟು ಮುಂದುವರಿದಿತ್ತೆಂಬುದು ಅವನಿಗೆ ತಿಳಿಯುವ ಸಂಭವವೇ ಇರಲಿಲ್ಲ.

ಹೆಸರುಗಳು ಅಳಿದುದೂ ಈ ಘಟ್ಟದಲ್ಲಿಯೇ. ನಕಲು ಮಾಡಿದವರು ಅನೇಕ ಆಟಗಳ ಮುಖಪುಟದ ತೆರೆಯಿಂದ ಕಂಪನಿಯ ಹೆಸರನ್ನೂ ಹಕ್ಕುಸ್ವಾಮ್ಯದ ವರ್ಷವನ್ನೂ ಅಳಿಸಿಹಾಕಿದರು. ಕ್ಯಾಸೆಟ್ಟಿನ ಮೇಲಿನ ಚೀಟಿಯಲ್ಲಿ ಒಳಗಿನ ಆಟಕ್ಕೆ ಸಂಬಂಧವೇ ಇಲ್ಲದ ವೀರರ ಚಿತ್ರವನ್ನು ಅಂಟಿಸಿದರು. ಪಟ್ಟಿಯಲ್ಲಿ ಸಾವಿರಗಟ್ಟಲೆ ಆಟಗಳಿವೆಯೆಂಬ ಘೋಷಣೆ. ತೆರೆದು ನೋಡಿದರೆ ಅವೇ ಕೆಲವು ಆಟಗಳು, ಆರಂಭದ ಘಟ್ಟವನ್ನೋ ಪ್ರಾಣಗಳ ಸಂಖ್ಯೆಯನ್ನೋ ಬದಲಿಸಿಕೊಂಡು ಹೊಸ ಹೊಸ ಹೆಸರಿನಲ್ಲಿ ಮರಳಿ ಮರಳಿ ಬರುತ್ತಿದ್ದವು. ಕಾನೂನಿನ ದೃಷ್ಟಿಯಿಂದ ಇದು ಚೌರ್ಯವೇ ಸರಿ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಕ್ಯೋಟೋದ ಮೂಲ ಯಂತ್ರವು ಬೀದರದ ಗುಮಾಸ್ತನ ಮನೆಯನ್ನಾಗಲಿ ಭಾಲ್ಕಿಯ ಮಾಸ್ತರರ ಮನೆಯನ್ನಾಗಲಿ ತಾನಾಗಿ ತಲುಪುತ್ತಿರಲಿಲ್ಲವೆಂಬುದೂ ಅಷ್ಟೇ ಸತ್ಯ.

ಟಿವಿ ಎಂಬ ವಸ್ತು ನಮ್ಮ ಭಾಗಕ್ಕೆ ಬಂದ ಕಥೆಯೂ ಸ್ವಲ್ಪ ಸ್ವಾರಸ್ಯವಾದುದೇ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ಸಹಾಯದಿಂದ, ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡುದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವಾದುದು 1981ರಲ್ಲಿ. ಹಿಂದುಳಿದ ಸೀಮೆಯೆಂದು ಹೆಸರಾದ ನಮ್ಮ ನೆರೆಯ ಹಳ್ಳಿಗಳು ಟಿವಿಯ ವಿಷಯದಲ್ಲಿ ರಾಜಧಾನಿಗಿಂತ ಮುಂದಿದ್ದವೆಂಬುದನ್ನು ಬೆಂಗಳೂರಿನವರಿಗೆ ಆಗಾಗ ನೆನಪಿಸಿಕೊಡುವುದು ತಪ್ಪಲ್ಲ. ಆಗ ನಮ್ಮ ದೇಶದ ಟಿವಿಯು ಪಾಲ್ ಪದ್ಧತಿಯದಾಗಿತ್ತು, ಅಂದರೆ, ನಮ್ಮ ವಿದ್ಯುತ್ತಿನ ಗತಿಯಂತೆ, ಸೆಕೆಂಡಿಗೆ ಐವತ್ತು ಬಾರಿ ಚಿತ್ರವನ್ನು ಬರೆಯುತ್ತಿತ್ತು. ಜಪಾನಿನದು ಅರವತ್ತು ಬಾರಿ. ಆಟದ ಗತಿಯು ಈ ಎಣಿಕೆಗೆ ಕಟ್ಟುಬಿದ್ದಿರುವುದರಿಂದ, ಪಾಲ್ ಪದ್ಧತಿಗೆ ಹೊಂದಿಸಿದ ಪೆಟ್ಟಿಗೆಯಲ್ಲಿ ಅದೇ ವಿಮಾನವು ಆರರಲ್ಲಿ ಒಂದು ಪಾಲು ನಿಧಾನವಾಗಿ ಹಾರುತ್ತದೆ. ಓಸಾಕಾದ ಬಾಲಕನಿಗಿಂತ ಮೈಲೂರಿನ ಬಾಲಕನಿಗೆ ಗುಂಡನ್ನು ತಪ್ಪಿಸಿಕೊಳ್ಳಲು ಇಷ್ಟು ಹೆಚ್ಚು ಅವಕಾಶ ದೊರೆಯಿತೆಂದರೆ, ಅದನ್ನು ನಮ್ಮ ವಿದ್ಯುತ್ ಪದ್ಧತಿಯ ಔದಾರ್ಯವೆನ್ನಬೇಕು. ಅದೇ ವಿದ್ಯುತ್ತು ಇಪ್ಪತ್ತನೆಯ ಘಟ್ಟದ ಹೊತ್ತಿಗೆ ಹೊರಟುಹೋಗಿ ಆ ಸಾಲವನ್ನು ಬಡ್ಡಿಸಹಿತ ವಸೂಲು ಮಾಡಿಕೊಳ್ಳುತ್ತಿದ್ದುದೂ ಉಂಟು.

ಬೀದರಕ್ಕೆ ಇಂತಹ ಸರಕಿನ ತವರು ಹೈದರಾಬಾದು; ಕೋಠಿಯ ಗುಜರಾತಿ ಗಲ್ಲಿಯಲ್ಲಿ, ಅಬಿಡ್ಸಿನ ಜಗದೀಶ್ ಮಾರ್ಕೆಟ್ಟಿನಲ್ಲಿ ಕೊಂಡುದನ್ನು ಬಸ್ಸಿನಲ್ಲಿಯೋ ರೈಲಿನಲ್ಲಿಯೋ ತರುತ್ತಿದ್ದರು. ಓಣಿಯಲ್ಲಿ ಒಂದು ಮನೆಗೆ ಪೆಟ್ಟಿಗೆ ಬಂದರೆ ಅದು ಓಣಿಗೆಲ್ಲ ಬಂದಂತೆಯೇ. ಟಿವಿಯ ಮುಚ್ಚಳದೊಳಗಿನ ಸಣ್ಣ ತಿರುಪನ್ನು ತಿರುಗಿಸಿ ಚಾನೆಲ್ ಹೊಂದಿಸುವವನು ಒಬ್ಬನಿರುತ್ತಿದ್ದನು. ಚಿತ್ರ ಬಾರದಿದ್ದರೆ ಕ್ಯಾಸೆಟ್ಟನ್ನು ಕಿತ್ತು ಅದರ ಬಾಯಿಗೆ ಊದುವ ವೈದ್ಯನು ಇನ್ನೊಬ್ಬ. ಉಸಿರಿನ ತೇವದಿಂದ ತಾಮ್ರದ ಹಲ್ಲುಗಳು ಕಿಲುಬುಗಟ್ಟುವುವೇ ಹೊರತು ಶುದ್ಧವಾಗವು. ಮತ್ತೆ ಸಿಕ್ಕಿಸಿದುದರಿಂದ ಸಂಪರ್ಕ ಸರಿಹೋಗುತ್ತಿತ್ತು, ಕೀರ್ತಿಯು ಊದಿದವನಿಗೆ ಸಲ್ಲುತ್ತಿತ್ತು. “ಅಣ್ಣಾ, ನೀ ಸತ್ತಿ, ಈಗ ನಂದು ಪಾಳಿ” ಎಂದು ಚಿಕ್ಕವನು ಕೈಯಿಕ್ಕಿದರೆ, ಕನ್ನಡ, ದಖ್ಖನಿ, ಮರಾಠಿಗಳು ಬೆರೆತ ವಾಗ್ವಾದ ನಡೆಯುತ್ತಿತ್ತು. ಒಳಗಿನಿಂದ ಅವ್ವ “ಬಸ್ ಮಾಡ್ರೋ, ಟಿವಿ ಕೆಟ್ಟ್ ಹೋಗ್ತದ” ಎಂದು ಕೂಗುತ್ತಿದ್ದಳು. ವಿಡಿಯೋ ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಸುಟ್ಟುಹೋಗುವುದೆಂಬ ನಂಬಿಕೆಯು ಆಗ ಮನೆಮನೆಯಲ್ಲಿಯೂ ಪ್ರಬಲವಾಗಿದ್ದಿತು. ಪೆಟ್ಟಿಗೆಯಿಲ್ಲದವರಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಪಡೆದು ಆಡಿಸುವ ಅಂಗಡಿಗಳಿದ್ದವು.

ಈ ಬಾಲಕರು ಆಟಕ್ಕೆ ಕೊಟ್ಟ ಅರ್ಥವು ಓಸಾಕಾದ್ದೂ ಅಲ್ಲ, ಅಮೆರಿಕದ್ದೂ ಅಲ್ಲ. ಮಿಡ್‌ವೇ ಎಂಬುದು ಅವರಿಗೆ ಅಕ್ಷರಗಳ ಒಂದು ಸಾಲು, ಅಷ್ಟೆ. ಆದರೆ ವಿಮಾನ ಎಂಬುದು ಮಾತ್ರ ಅವರಿಗೆ ದೂರದ ವಸ್ತುವಾಗಿರಲಿಲ್ಲ. 1960ರ ದಶಕದಿಂದ ಬೀದರವು ಭಾರತೀಯ ವಾಯುಪಡೆಯ ಚಾಲಕರಿಗೆ ವಿದ್ಯೆ ಕಲಿಸುವ ನೆಲೆ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ರೂಪುಗೊಂಡು 1964ರಲ್ಲಿ ಮೊದಲು ಹಾರಿದ ಕಿರಣ್ ವಿಮಾನವು ಇಲ್ಲಿಯ ಹೊಲಗಳ ಮೇಲೆ ಪ್ರತಿದಿನವೂ ಸದ್ದು ಮಾಡುತ್ತ ಸುತ್ತುತ್ತಿತ್ತು. ಪಾಠ ಹೇಳುವ ಮಾಸ್ತರರು ಆ ಸದ್ದು ಅಡಗುವವರೆಗೆ ಮಾತನ್ನು ನಿಲ್ಲಿಸಿ ಮತ್ತೆ ಮುಂದುವರಿಸುವುದು ಬೀದರದ ಶಾಲೆಗಳಲ್ಲಿ ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ. 1996ರಲ್ಲಿ ಇದೇ ನೆಲೆಯಲ್ಲಿ ‘ಸೂರ್ಯಕಿರಣ’ ಎಂಬ ವಾಯುಕಸರತ್ತಿನ ತಂಡವು ಜನ್ಮತಾಳಿತು. ಮೊದಲು ಆರು, ಅನಂತರ ಒಂಬತ್ತು ಕಿರಣ್ ವಿಮಾನಗಳು, ಮೈಗೆಲ್ಲ ಕೆಂಪು ಬಿಳಿ ಬಣ್ಣ ತಾಳಿ, ಒಂದಕ್ಕೊಂದು ಅಂಟಿಕೊಂಡಂತೆ ಸಾಲುಗಟ್ಟಿ, ಒಮ್ಮೆಲೇ ಮೇಲಕ್ಕೆ ಎದ್ದು ಲಾಗ ಹೊಡೆದು ಇಳಿಯುವ ಅಭ್ಯಾಸವನ್ನು ದೇಶದ ಮಿಕ್ಕ ಜನ ವರ್ಷಕ್ಕೊಮ್ಮೆ ಉತ್ಸವದಲ್ಲಿ ಕಂಡರೆ, ಬೀದರದವರು ಮಾಳಿಗೆಯ ಮೇಲೆ ಹಪ್ಪಳ ಒಣಗಹಾಕುತ್ತಲೇ ಕಂಡರು.

ಪರದೆಯ ಮೇಲೆ ಬಳುಕುತ್ತ ಬರುವ ಕೆಂಪು ವಿಮಾನಗಳ ಸಾಲಿಗೂ, ನೆತ್ತಿಯ ಮೇಲೆ ಹೋಗುವ ಕೆಂಪು ವಿಮಾನಗಳ ಸಾಲಿಗೂ ಮಕ್ಕಳ ಮನಸ್ಸು ಸಂಬಂಧ ಕಲ್ಪಿಸದಿರುವುದು ಅಶಕ್ಯವಾಗಿತ್ತು. ಎರಡನೆಯ ಗುಂಡಿಯ ಲಾಗವು ಅವರಿಗೆ ಕಾಲ್ಪನಿಕವಾದುದೆಂದು ತೋರಲಿಲ್ಲ. ಬೆಳಗ್ಗೆ ಕಂಡುದನ್ನೇ ಮಧ್ಯಾಹ್ನ ಆಡುತ್ತಿದ್ದರು. ಅಮೆರಿಕದ ವಿಮಾನವು ಹೀಗೆ ಕಿರಣ್ ಆಯಿತು. ಪೆಸಿಫಿಕ್ಕಿನ ದ್ವೀಪಗಳು ಹೆಸರಿಲ್ಲದ ನೆಲವಾದವು. ಶತ್ರುವಾದರೋ ಬರಿಯ ‘ದುಶ್ಮನ್’. ಒಕಾಮೊತೊ ಅವರು ತಮ್ಮವರ ಪಕ್ಷವನ್ನು ಬದಿಗಿಟ್ಟರು, ಮೈಕ್ರಾನಿಕ್ಸಿನವರು ಚಿತ್ರದ ನಯವನ್ನು ಕಳೆದರು, ನಕಲು ಮಾಡಿದವರು ಕರ್ತೃವಿನ ಹೆಸರನ್ನು ಅಳಿಸಿದರು. ಮೈಲೂರಿನ ಮಕ್ಕಳು ಉಳಿದಿದ್ದ ಯುದ್ಧವನ್ನೂ ಅಳಿಸಿ ಹಾರಾಟವೊಂದನ್ನೇ ಇಟ್ಟುಕೊಂಡರು. ನನ್ನ ಮಟ್ಟಿಗೆ ಇವುಗಳಲ್ಲಿ ಕೊನೆಯದು ನಷ್ಟವೆಂದು ತೋರುವುದಿಲ್ಲ.

ಗುಂಡು ಹಾರಿಸುವ ಆಟದಿಂದ ಮಕ್ಕಳು ಕ್ರೂರರಾಗುವರೆಂದು ಹಿರಿಯರು ಆಗ ಆಕ್ಷೇಪಿಸುತ್ತಿದ್ದರು. ಆದರೆ ಬೀದರದ ಕೋಟೆಯ ಬುರುಜುಗಳ ಮೇಲೆ ಬರೀದಶಾಹಿಗಳ ಕಾಲದ ತೋಪುಗಳು ಇಂದಿಗೂ ಬಿದ್ದಿವೆ. ಅವುಗಳ ಮೇಲೆ ಹತ್ತಿ ಕುಳಿತುಕೊಳ್ಳದೆ ಬೆಳೆದ ಹುಡುಗನು ಈ ಊರಿನಲ್ಲಿ ಸಿಗುವುದು ದುರ್ಲಭ. 1657ರಲ್ಲಿ ಔರಂಗಜೇಬನ ಸೈನ್ಯವು ಮುತ್ತಿದಾಗ ಬುರುಜಿನ ಬಳಿಯ ಮದ್ದಿನ ರಾಶಿಗೆ ಕಿಡಿ ತಗುಲಿ ಕೋಟೆಯ ಅಧಿಪತಿ ಸಿದ್ದಿ ಮರ್ಜಾನನು ಸುಟ್ಟು ಗಾಯಗೊಂಡು ಸತ್ತನು. ಮದ್ದುಗುಂಡಿನ ನಿಜವಾದ ಪರಿಣಾಮವನ್ನು ಅರಿಯಬೇಕಾದ ಮಕ್ಕಳಿಗೆ ಆ ಕಥೆಯನ್ನು ಹೇಳುವುದು ಮೇಲು. ಮಿನುಗುವ ನಾಲ್ಕು ವಿಮಾನಗಳು ಅದನ್ನು ಕಲಿಸಲಾರವು, ಕೆಡಿಸಲೂ ಆರವು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಕ್ಯಾಪ್ಕಾಮ್ 1987ರಲ್ಲಿ ‘1943’ನ್ನು, 1990ರಲ್ಲಿ ‘1941’ನ್ನು, 1996ರಲ್ಲಿ ‘19ಎಕ್ಸ್‌ಎಕ್ಸ್’ನ್ನು, 2000ದಲ್ಲಿ ‘1944’ನ್ನು ಹೊರತಂದಿತು. ಜಪಾನಿನಲ್ಲಿ ಈ ಜಾತಿಯ ಆಟವು ಬೇರೆ ದಾರಿ ಹಿಡಿದು, 1993ರ ‘ಬ್ಯಾಟ್ಸುಗನ್’, 1995ರ ‘ಡೊನ್‌ಪಾಚಿ’ಗಳ ಕಾಲಕ್ಕೆ ಪರದೆಯ ತುಂಬ ಗುಂಡುಗಳ ಮಳೆಯನ್ನೇ ಸುರಿಸಿ, ಅದರ ನಡುವೆ ಕೂದಲೆಳೆಯಷ್ಟು ದಾರಿಯನ್ನು ಹುಡುಕಿಕೊಳ್ಳುವ ಕಠಿಣ ವಿದ್ಯೆಯಾಯಿತು. ಆ ಶಾಖೆಯು ಬೀದರಕ್ಕೆ ಬರಲಿಲ್ಲ. ಇಲ್ಲಿ ಮೊದಲು ‘ಕಾಂಟ್ರಾ’ ಎಂಬ ಇನ್ನೊಂದು ಆಟ ಬಂದು ವಿಮಾನವನ್ನು ಹಿಂದೆ ತಳ್ಳಿತು, ಅನಂತರ ಕಂಪ್ಯೂಟರು ಬಂದಿತು, ಅದರ ಅನಂತರ ಮೊಬೈಲು. ಸೂರ್ಯಕಿರಣ ತಂಡವೂ 2011ರಲ್ಲಿ ಕಿರಣ್ ವಿಮಾನಗಳನ್ನು ಬಿಟ್ಟುಕೊಟ್ಟು, ಕೆಲಕಾಲ ಸುಮ್ಮನಿದ್ದು, ಹಾಕ್ ಎಂಬ ಹೊಸ ವಿಮಾನಗಳೊಡನೆ ಮರಳಿತು.

2021ರಲ್ಲಿ ಕ್ಯಾಪ್ಕಾಮ್ ತನ್ನ ಹಳೆಯ ನಾಣ್ಯದ ಆಟಗಳನ್ನು ‘ಆರ್ಕೇಡ್ ಸ್ಟೇಡಿಯಂ’ ಎಂಬ ಸಂಪುಟದಲ್ಲಿ ಮತ್ತೆ ಪ್ರಕಟಿಸಿದಾಗ ಅದರಲ್ಲಿ ‘1942’ ಸಹ ಸೇರಿತ್ತು. ಮೂಲದ ವೇಗ, ಮೂಲದ 32 ಘಟ್ಟಗಳು, ಮುಖಪುಟದ ಮೇಲೆ ಕಂಪನಿಯ ಹೆಸರು. ಹೊಸ ಯಂತ್ರದಲ್ಲಿ ಮಿನುಗು ಇಲ್ಲ. ಮೈಲೂರಿನಲ್ಲಿ ಬೆಳೆದು ಈಗ ಹೈದರಾಬಾದು, ಬೆಂಗಳೂರು, ಪುಣೆಗಳಲ್ಲಿ ಕೆಲಸ ಮಾಡುವ ನಲವತ್ತರ ವಯಸ್ಸಿನವರು ಅದನ್ನು ಆಡಿದರೆ, ವಿಮಾನಗಳು ಬಹಳ ವೇಗವಾಗಿ ಬರುತ್ತವೆ, ಇದು ನಮ್ಮ ಆಟವಲ್ಲ ಎಂದು ದೂರುತ್ತಾರೆ. ಜಾತ್ರೆಯ ಅಂಗಡಿಗಳಲ್ಲಿ ಮಾರುವ ಅಗ್ಗದ ಕೈಯಂತ್ರಗಳಲ್ಲಿ, ನೂರಾರು ಆಟಗಳ ಪಟ್ಟಿಯ ನಡುವೆ, ಅವರ ಆಟವು ಈಗಲೂ ಮಿನುಗುತ್ತ, ತಡವರಿಸುತ್ತ ದೊರೆಯುತ್ತದೆ. ಅವರ ಮಕ್ಕಳು ಅದನ್ನು ಒಂದು ಸಲ ಆಡಿ, ಲಾಗದ ಗುಂಡಿಯನ್ನು ಮೊದಲ ಘಟ್ಟದಲ್ಲಿಯೇ ಮೂರು ಸಲವೂ ಒತ್ತಿ ಮುಗಿಸಿ, ಅಪ್ಪನ ಕೈಗೆ ಕೊಟ್ಟುಬಿಡುತ್ತಾರೆ.